ಟೊಳ್ಳು ಗೋಡೆಯಲ್ಲಿ ವೈರಿಂಗ್: ಅಮೆರಿಕದಲ್ಲಿ ಮನೆ ಮಾಡಿದ ನಮ್ಮ ಕಡೆಯವರಿಗೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಮನೆ ಕಟ್ಟಿಸಿದವರಿಗೆ ವೈರಿಂಗ್ ಕೆಲಸದ ಕ್ರಮ ಗೊತ್ತು. ಗೌಂಡಿ ಗೋಡೆ ಎಬ್ಬಿಸುತ್ತಾನೆ. ಎಲೆಕ್ಟ್ರಿಷಿಯನ್ ಇಟ್ಟಿಗೆ ಕಡಿದು ಪೈಪು, ಬಾಕ್ಸು ಕೂರಿಸುತ್ತಾನೆ. ಮೇಲೆ ಪ್ಲಾಸ್ಟರ್ ಆದ ಮೇಲೆ ಪೈಪಿನೊಳಗೆ ವೈರ್ ಎಳೆಯುತ್ತಾರೆ. ಎಲ್ಲವನ್ನೂ ಹಿಡಿದುಕೊಳ್ಳುವುದು ಗೋಡೆಯೇ. ವೈರ್ ಸುಟ್ಟರೆ ಎಳೆದು ಹೊಸದು ಹಾಕಿದರಾಯಿತು.

ಅಮೆರಿಕದಲ್ಲಿ ಬೇಸ್‌ಮೆಂಟಿಗೆ (ಮನೆ ಕೆಳಗಿನ ನೆಲಮಾಳಿಗೆಗೆ) ಗೋಡೆ, ವೈರಿಂಗ್ ಮಾಡಿ ವಾಸಕ್ಕೆ ಸಿದ್ಧಮಾಡಲು ಹೊರಟವರು ಈ ಲೆಕ್ಕವನ್ನು ಪಕ್ಕಕ್ಕಿಡಬೇಕು. ಇಲ್ಲಿ ಗೋಡೆ ಟೊಳ್ಳು. ನಮ್ಮ ಮಾಳಿಗೆ ಮನೆಯ ಜಂತಿಗಳನ್ನು ತಂದು ನೆಟ್ಟಗೆ ನಿಲ್ಲಿಸಿದ ಹಾಗೆ, ಸಾಮಾನ್ಯವಾಗಿ 16 ಇಂಚಿಗೊಂದು ಮರದ ಸ್ಟಡ್. ‘ಟೂ ಬೈ ಫೋರ್’ ಅಂತ ಕರೆದರೂ ಅಳೆದರೆ ಸಿಗುವುದು 1½ ಇಂಚು ದಪ್ಪ, 3½ ಇಂಚು ಅಗಲ. ಅದರ ಮೇಲೆ ಅರ್ಧ ಇಂಚಿನ ಡ್ರೈವಾಲ್, ಅಂದರೆ ಜಿಪ್ಸಂ ಹಲಗೆ. ಅಷ್ಟೇ. ಇಂಥ ಗೋಡೆಯಲ್ಲಿ ಮುಂದೊಂದು ದಿನ ಯಾರೋ ಫೋಟೋ ತೂಗುಹಾಕಲು ಸ್ಕ್ರೂ ತಿರುಗಿಸುತ್ತಾರೆ. ಕೋಡ್‌ನ ಕೆಲವು ಅಳತೆಗಳು ಆ ಸ್ಕ್ರೂವನ್ನು ನೆನಪಿಟ್ಟು ಮಾಡಿದವು.

ಕೋಡ್ ಅಂದರೆ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್. 3 ವರ್ಷಕ್ಕೊಮ್ಮೆ ಪರಿಷ್ಕರಣೆ ಆಗುತ್ತದೆ. ಯಾವ ವರ್ಷದ್ದು ನಿಮ್ಮೂರಲ್ಲಿ ಜಾರಿಯಲ್ಲಿದೆ ಅನ್ನುವುದು ರಾಜ್ಯಕ್ಕೊಂದು ತರಹ, ಕೆಲವು ಕಡೆ ಊರಿಗೊಂದು ತರಹ. ಶಿಕಾಗೋದಲ್ಲಂತೂ ಮನೆಗೂ ಲೋಹದ ಪೈಪೇ ಬೇಕು! ಹಾಗಾಗಿ ಸ್ಥಳೀಯ ಬಿಲ್ಡಿಂಗ್ ಡಿಪಾರ್ಟ್‌ಮೆಂಟಿಗೆ ಮೊದಲು ಫೋನ್ ಮಾಡಿ. ಸ್ವಂತ ಮನೆಯ ಕೆಲಸ ನೀವೇ ಮಾಡಬಹುದಾ, ಪರ್ಮಿಟ್ ಹೇಗೆ ಅಂತ ಕೇಳಿ. ಬಾಡಿಗೆ ಮನೆಯಾದರೆ ಕೈ ಹಾಕಲೇಬೇಡಿ.

ಮನೆಗಳಲ್ಲಿ ಹೆಚ್ಚಾಗಿ ಬಳಸುವುದು ಎನ್‌ಎಂ ಕೇಬಲ್, ಅಂದರೆ ಕರೆಂಟಿನ ವೈರ್, ನ್ಯೂಟ್ರಲ್, ಅರ್ತ್ ಮೂರೂ ಒಂದೇ ಪ್ಲಾಸ್ಟಿಕ್ ಹೊದಿಕೆಯೊಳಗೆ ಇರುವುದು. ಎಲ್ಲರೂ ರೋಮೆಕ್ಸ್ ಅಂತಾರೆ. ಬಿಳಿ ಹೊದಿಕೆ ಇದ್ದರೆ 14 ಗೇಜ್ (ವೈರಿನ ದಪ್ಪದ ಅಳತೆ), 15 ಆಂಪ್ ಸರ್ಕ್ಯೂಟಿಗೆ. ಹಳದಿ ಇದ್ದರೆ 12 ಗೇಜ್, 20 ಆಂಪಿಗೆ. ಹಳೆ ಮನೆಗಳಲ್ಲಿ ಈ ಬಣ್ಣ ನಂಬಬೇಡಿ. ಒಳಗಿನ ಬಣ್ಣದ ಬಗ್ಗೆ ಮಾತ್ರ ಜೋರಾಗಿಯೇ ಹೇಳುತ್ತೇನೆ: ನಮ್ಮಲ್ಲಿ ಕಪ್ಪು ಅಂದರೆ ನ್ಯೂಟ್ರಲ್, ಇಲ್ಲಿ ಕಪ್ಪು ಅಂದರೆ ಕರೆಂಟ್ ಇರುವ ವೈರ್. ಬಿಳಿ ನ್ಯೂಟ್ರಲ್, ಬರಿ ತಾಮ್ರ ಅರ್ತ್. ಊರಿನ ಅಭ್ಯಾಸದ ಕೈಗೆ ಇದೇ ದೊಡ್ಡ ಅಪಾಯ. ಬಣ್ಣ ಏನೇ ಇರಲಿ, ಬ್ರೇಕರ್ ಆಫ್ ಮಾಡಿ ಟೆಸ್ಟರ್ ಹಚ್ಚಿ ನೋಡದೆ ಮುಟ್ಟಬೇಡಿ.

ಕೇಬಲ್ ಸ್ಟಡ್ ಗುಂಟ ಮೇಲೆ ಕೆಳಗೆ ಹೋಗುವಾಗ ಸ್ಟೇಪಲ್ (ಯು ಆಕಾರದ ಮೊಳೆ) ಹೊಡೆದು ಹಿಡಿಸಬೇಕು. ಎರಡು ಸ್ಟೇಪಲ್ ನಡುವೆ 4½ ಅಡಿಗಿಂತ ಜಾಸ್ತಿ ಇರಬಾರದು. ಬಾಕ್ಸಿನಿಂದ 12 ಇಂಚಿನೊಳಗೆ ಒಂದು ಇರಲೇಬೇಕು. ಕೇಬಲ್ ಹಿಡಿಯುವ ಕ್ಲ್ಯಾಂಪ್ ಇಲ್ಲದ ಒಂಟಿ ಪ್ಲಾಸ್ಟಿಕ್ ಬಾಕ್ಸಾದರೆ 8 ಇಂಚಿನೊಳಗೆ. ಚಪ್ಪಟೆ ಕೇಬಲನ್ನು ಮಗ್ಗುಲಾಗಿ ನಿಲ್ಲಿಸಿ ಹೊಡೆಯುವಂತಿಲ್ಲ. ಗಟ್ಟಿ ಇರಲಿ ಅಂತ ಸುತ್ತಿಗೆಯಿಂದ ಜಜ್ಜಲೂಬಾರದು. ಇನ್ಸುಲೇಷನ್ ಒಡೆದು ಒಳಗೆ ಕಿಡಿ ಹಾರಿದರೆ ಸುತ್ತ ಇರುವುದು ಒಣ ಮರ, ಪ್ಲಾಸ್ಟರಲ್ಲ. ಕೇಬಲ್ ಜಾರದಿದ್ದರೆ ಸಾಕು.

ಅಡ್ಡ ಹೋಗುವಾಗ ಸ್ಟಡ್‌ಗೆ ತೂತು. ತೂತೇ ಆಸರೆ, ಅಲ್ಲಿ ಸ್ಟೇಪಲ್ ಬೇಕಿಲ್ಲ. ಆದರೆ ತೂತಿನ ಅಂಚು ಸ್ಟಡ್ಡಿನ ಮುಖದಿಂದ (ಡ್ರೈವಾಲ್ ಕೂರುವ ಬದಿಯಿಂದ) ಕನಿಷ್ಠ 1¼ ಇಂಚು ಒಳಗಿರಬೇಕು. ಡ್ರೈವಾಲ್‌ಗೆ ಸಾಮಾನ್ಯವಾಗಿ ಹಾಕುವ ಸ್ಕ್ರೂ ಉದ್ದವೂ 1¼ ಇಂಚೇ. ಅರ್ಧ ಇಂಚು ಹಲಗೆಯಲ್ಲಿ ಹೋದರೆ ಮರದೊಳಗೆ ಇಳಿಯುವುದು ಮುಕ್ಕಾಲು ಇಂಚು. ಉಳಿದ ಅರ್ಧ ಇಂಚೇ ನಿಮ್ಮ ರಕ್ಷಣೆ. ಅಷ್ಟು ಜಾಗ ಸಿಗದಿದ್ದರೆ ಸ್ಟಡ್ಡಿನ ಮುಖಕ್ಕೆ ಉಕ್ಕಿನ ನೇಲ್ ಪ್ಲೇಟ್ ಬಡಿಯಿರಿ. ಭಾರ ಹೊರುವ ಗೋಡೆಯಲ್ಲಿ ತೂತು ಸ್ಟಡ್ ಅಗಲದ 40% ಮೀರಬಾರದು.

ಇನ್ನು ಬಾಕ್ಸ್. ಹೊಸ ಗೋಡೆಯ ಬಾಕ್ಸಿಗೆ ಮೊಳೆ ಜೊತೆಯಲ್ಲೇ ಬರುತ್ತದೆ, ಸ್ಟಡ್ಡಿನ ಮಗ್ಗುಲಿಗೆ ಬಡಿಯುವುದು. ಮುಂದೆ ಬರುವ ಡ್ರೈವಾಲಿನ ದಪ್ಪ ಲೆಕ್ಕಹಾಕಿ ಬಾಕ್ಸನ್ನು ಅಷ್ಟು ಹೊರಗಿಡಿ. ಡ್ರೈವಾಲ್ ಆದ ಮೇಲೆ ಅದು ಕಾಲು ಇಂಚಿಗಿಂತ ಒಳಗೆ ಕೂತರೆ ತಪ್ಪು. ಮರದ ಪ್ಯಾನೆಲ್ ಆದರೆ ಸಮನಾಗಿಯೇ ಇರಬೇಕು. ಕೇಬಲಿನ ಹೊದಿಕೆ ಕಾಲು ಇಂಚಾದರೂ ಬಾಕ್ಸಿನೊಳಗೆ ಬರಲಿ, ಒಳಗೆ 6 ಇಂಚು ವೈರ್ ಬಿಡಿ.

ಊರಲ್ಲಿ ಬಾಕ್ಸಿಗೆ ಎಷ್ಟು ವೈರ್ ತುರುಕಿದರೂ ಕೇಳುವವರಿಲ್ಲ. ಇಲ್ಲಿ ಲೆಕ್ಕ ಇದೆ. 12 ಗೇಜ್ ವೈರ್ ಒಂದಕ್ಕೆ 2.25 ಕ್ಯೂಬಿಕ್ ಇಂಚು. ಎರಡು ಕೇಬಲ್ ಬಂದರೆ ನಾಲ್ಕು ವೈರಿಗೆ 9, ಅರ್ತ್ ಎರಡೂ ಸೇರಿ 2.25, ಸಾಕೆಟ್ಟಿಗೆ ಎರಡು ಪಾಲು, ಅಂದರೆ 4.5. ಒಟ್ಟು 15.75. 18ರ ಬಾಕ್ಸ್ ಸಾಕು. ಮೂರನೇ ಕೇಬಲ್ ಬಂತು ಅನ್ನಿ, 20.25 ಆಯಿತು. ದೊಡ್ಡ ಬಾಕ್ಸ್ ತನ್ನಿ.

ಡ್ರೈವಾಲ್ ಹಾಕುವ ಮೊದಲು ಇನ್‌ಸ್ಪೆಕ್ಟರ್ ಬಂದು ಸ್ಟೇಪಲ್, ತೂತು, ಬಾಕ್ಸ್ ನೋಡುತ್ತಾರೆ. ಇದಕ್ಕೆ ರಫ್-ಇನ್ ಇನ್‌ಸ್ಪೆಕ್ಷನ್ ಅಂತಾರೆ. ಅದಕ್ಕೆ ಮೊದಲೇ ಗೋಡೆ ಮುಚ್ಚಿದರೆ ಬಿಚ್ಚಿಸಬಹುದು. ಒಪ್ಪಿಗೆ ಸಿಕ್ಕ ಮೇಲೆ, ಮುಚ್ಚುವ ಮುಂಚೆ, ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ. ಸ್ಟೇಪಲ್ ಹೊಡೆದ ಕೇಬಲನ್ನು ಆಮೇಲೆ ಎಳೆದು ಬದಲಿಸಲಾಗದು. ದೇವರ ಜಗಲಿ, ಟಿವಿ ಕೂರಿಸುವಾಗ ಈ ಫೋಟೋಗಳೇ ಬೇಕಾಗುತ್ತವೆ. ಸ್ವಿಚ್, ಸಾಕೆಟ್ಟಿನ ನೇರ ಮೇಲೆ ಕೆಳಗೆ ಉದ್ದ ಸ್ಕ್ರೂ ಹಾಕಬೇಡಿ.

ಗೋಡೆ ಆಗಲೇ ಮುಗಿದಿದ್ದರೆ ‘ಓಲ್ಡ್ ವರ್ಕ್’ ಬಾಕ್ಸ್ ಕೇಳಿ. ಸ್ಕ್ರೂ ತಿರುಗಿಸಿದರೆ ಅದರ ರೆಕ್ಕೆ ತೆರೆದು ಹಿಂದಿನಿಂದ ಡ್ರೈವಾಲನ್ನು ಹಿಡಿಯುತ್ತದೆ. ಮುಚ್ಚಿದ ಗೋಡೆಯೊಳಗೆ ಇಳಿಬಿಟ್ಟ ಕೇಬಲಿಗೆ ಸ್ಟೇಪಲ್ ಕಡ್ಡಾಯವಲ್ಲ, ಹೊಡೆಯೋದಾದರೂ ಹೇಗೆ? ಆದರೆ ಈ ಬಾಕ್ಸಿಗೆ ಸೀಲಿಂಗ್ ಫ್ಯಾನ್ ತೂಗುಹಾಕಬೇಡಿ. ವಿಜಯಪುರದ ಸೆಕೆಯಲ್ಲಿ ಬೆಳೆದವರಿಗೆ ಫ್ಯಾನ್ ಇಲ್ಲದೆ ನಿದ್ದೆ ಬರಲ್ಲ, ನಿಜ. ಅಲ್ಲಿ ಸ್ಲ್ಯಾಬಿನ ಹುಕ್ಕಿತ್ತು. ಇಲ್ಲಿ ಫ್ಯಾನಿಗೆಂದೇ ಗುರುತು ಮಾಡಿದ ಬಾಕ್ಸ್ ಬೇಕು, ಅದನ್ನು ಮೇಲಿನ ಮರದ ಜಾಯಿಸ್ಟಿಗೆ (ಜಂತಿಗೆ) ಅಥವಾ ಜಾಯಿಸ್ಟ್ ನಡುವಿನ ಬ್ರೇಸಿಗೆ (ಅಡ್ಡ ಆಸರೆಗೆ) ಬಿಗಿಯಬೇಕು. ಫ್ಯಾನ್ 70 ಪೌಂಡಿಗಿಂತ ಭಾರ ಇದ್ದರೆ ಬಾಕ್ಸಿನ ಮೇಲೆ ಭಾರ ಬಿಡದೆ ಬೇರೆ ಆಸರೆ ಕೊಡಬೇಕು.