ಮೊಳದ ಲೆಕ್ಕವನ್ನು ಸೆಂಟಿಮೀಟರಿಗೆ ತಂದಿದ್ದು ಹೀಗೆ

ಮರಗೆಲಸದ ಹಳೆಯ ಅಳತೆ ಪುಸ್ತಕವೊಂದನ್ನು ಮೆಟ್ರಿಕ್‌ಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ಬರೆದವರು ಈಗಿಲ್ಲ. ಪುಟದ ತುಂಬ ಮೊಳ, ಗೇಣು, ಬೆರಳು. ಮೊಳ ಅಂದರೆ ಒಂದೂವರೆ ಅಡಿ, 45.72 ಸೆಂ.ಮೀ., ಸುಮ್ನೆ ಗುಣಿಸಿದರೆ ಆಯ್ತು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದು ಯಾರ ಮೊಳ? ಅಳೆದವರ ಕೈ ಅಷ್ಟೇ ಉದ್ದ ಇರಬೇಕಲ್ವಾ?

ಹಾಗಾಗಿ ಪುಸ್ತಕದಲ್ಲಿ ಅಳತೆ ಇದ್ದು, ಇವತ್ತಿಗೂ ಉಳಿದಿರುವ ಸಾಮಾನು ಏನಿದೆ ಅಂತ ಮೊದಲು ಹುಡುಕಿದೆ. ಒಂದು ಪೆಟ್ಟಿಗೆ, ಒಂದು ಬಾಗಿಲ ಚೌಕಟ್ಟು ಸಿಕ್ಕಿದವು. ಪೆಟ್ಟಿಗೆಯ ಉದ್ದ ಪುಸ್ತಕದಲ್ಲಿ 3 ಮೊಳ, ಟೇಪಿನಲ್ಲಿ 129 ಸೆಂ.ಮೀ. ಚೌಕಟ್ಟು 4 ಮೊಳ 1 ಗೇಣು, ಟೇಪಿನಲ್ಲಿ 194. ಎರಡರಲ್ಲೂ ಮೊಳಕ್ಕೆ 43 ಬಂತು. ಅಳೆಯುವಾಗ ಉದ್ದವನ್ನೇ ಹಿಡಿದೆ, ಯಾಕೆಂದರೆ ಮರ ಒಣಗಿದಾಗ ಅಗಲ ಕುಗ್ಗುತ್ತದೆ, ಉದ್ದ ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ಮೊಳ ಸಿಕ್ಕ ಮೇಲೆ ಉಳಿದಿದ್ದು ಸಲೀಸು. ಗೇಣು ಅದರ ಅರ್ಧ, 21.5. ಬೆರಳು ಇಪ್ಪತ್ನಾಲ್ಕನೇ ಒಂದು ಭಾಗ, ಸುಮಾರು 1.8. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಗೇಣಿಗೆ 12, ಮೊಳಕ್ಕೆ 24 ಅಂಗುಲ (ಇಲ್ಲಿ ಬೆರಳಿನ ಅಗಲ, ಇಂಚಲ್ಲ) ಅನ್ನುವ ಲೆಕ್ಕವೇ ಇದೆ. ಆದರೆ ಎಲ್ಲ ಕಡೆ ಹೀಗೇ ಅಂತ ತಿಳಿಯಬೇಡಿ, ಹಳೆಯ ಈಜಿಪ್ಟಿನ ರಾಜಮೊಳಕ್ಕೆ 28 ಬೆರಳು, ಸುಮಾರು 52 ಸೆಂ.ಮೀ.

ಒಂದು ಹಲಗೆಗೆ 4 ಮೊಳ 1 ಗೇಣು 3 ಬೆರಳು ಅಂತಿತ್ತು. ನನ್ನ ಲೆಕ್ಕದಲ್ಲಿ 199 ಸೆಂ.ಮೀ. 45.72 ಹಿಡಿದಿದ್ದರೆ 211 ದಾಟುತ್ತಿತ್ತು. ಹಲಗೆ ಕೂರುವ ಜಾಗದಲ್ಲಿ 12 ಸೆಂ.ಮೀ. ಅಂದರೆ ತಮಾಷೆಯಲ್ಲ!

ಹಳೆಯ ಸಾಮಾನು ಏನೂ ಉಳಿದಿಲ್ಲ ಅಂದರೆ ಅಳೆದವರ ಎತ್ತರ ಗೊತ್ತಾ ಅಂತ ಕೇಳಿ ನೋಡಿ. ಮೊಳ ಸಾಮಾನ್ಯವಾಗಿ ಎತ್ತರದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಬೆರಳು ಚಾಚಿ ಅಳೆದರೋ, ಮುಷ್ಟಿ ಕಟ್ಟಿ ಅಳೆದರೋ ಅನ್ನುವುದನ್ನೂ ವಿಚಾರಿಸಿ, ಅಲ್ಲೇ ಹತ್ತು ಸೆಂ.ಮೀ. ವ್ಯತ್ಯಾಸ ಬಂದೀತು. ನಿಮ್ಮ ಕೈಯಿಂದಲೇ ಅಳೆಯುವುದಾದರೆ ಮೊಣಕೈಯನ್ನು ಗೋಡೆಗೆ ತಾಗಿಸಿ, ಮುಂಗೈಯನ್ನು ಮೇಜಿನ ಮೇಲೆ ಚಾಚಿ, ನಡುಬೆರಳ ತುದಿಗೆ ಗುರುತು ಹಾಕಿ. ನನ್ನ ಮೊಳ 46.5, ಗೇಣು 22.5. ಎರಡು ಗೇಣು ಸೇರಿಸಿದರೂ ಮೊಳ ಆಗುವುದಿಲ್ಲ, ನೋಡಿ. ಅದಕ್ಕೇ ಬರೀ ಗೇಣಿನಲ್ಲಿ ಬರೆದ ಅಳತೆಗಳ ಪಕ್ಕ ಪ್ರಶ್ನೆ ಚಿಹ್ನೆ ಹಾಕಿಟ್ಟೆ.

ಉತ್ತರದಲ್ಲಿ ದಶಾಂಶ ಬೇಡ. ಕೈಯಲ್ಲಿ ಅಳೆದಿದ್ದನ್ನು 198.9 ಅಂತ ಬರೆದರೆ ಇಲ್ಲದ ನಿಖರತೆ ತೋರಿಸಿದ ಹಾಗೆ. ಮೂಲದ ಅಳತೆ ಒಂದು ಕಡೆ, ಪೂರ್ಣ ಸೆಂಟಿಮೀಟರ್ ಇನ್ನೊಂದು ಕಡೆ, ಎಷ್ಟರ ಮೊಳ ಹಿಡಿದೆ ಅನ್ನುವುದು ಪುಟದ ಮೇಲ್ಗಡೆ. ಹಗ್ಗದ ಅಳತೆಗಳು ಮಾರಿನಲ್ಲಿದ್ದವು, ಅವನ್ನು ಹತ್ತಿರದ ಐದು ಸೆಂಟಿಮೀಟರಿಗೆ ತಂದು ಬಿಟ್ಟೆ.