ಪೈಪ್ ಹಾಕಿಕೊಂಡು ಮೂತ್ರ ಖಾಲಿ ಮಾಡೋದು: ನನ್ನ ಅನುಭವ

ಸೊಂಟದ ಡಿಸ್ಕ್ ಜಾರಿ ನರ ಒತ್ತಿಹೋಗಿತ್ತು. ಆಪರೇಷನ್ ಆದ ಮೇಲೆ ಕಾಲು ಸರಿಹೋಯಿತು, ಮೂತ್ರ ಮಾತ್ರ ಸರಿಯಾಗಿ ಬರಲೇ ಇಲ್ಲ. ಎಷ್ಟು ಹೊತ್ತು ಕೂತರೂ ನಾಲ್ಕು ಹನಿ, ಕೆಮ್ಮಿದರೆ ಬಟ್ಟೆ ಒದ್ದೆ. ಸೋರುತ್ತಿದೆ ಅಂದ್ರೆ ಖಾಲಿಯಾಗ್ತಿದೆ ಅಂತಲೇ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಮೂತ್ರಕ್ಕೆ ಹೋಗಿ ಬಂದ ಮೇಲೆ ಸ್ಕ್ಯಾನ್ ಮಾಡಿದಾಗ ಒಳಗೆ 600 ಎಂಎಲ್ ಹಾಗೇ ಇತ್ತು. ಸೋರುತ್ತಿದ್ದದ್ದು ತುಂಬಿ ತುಳುಕಿದ್ದು. ಹಾಗೇ ಬಿಟ್ಟರೆ ಇನ್ಫೆಕ್ಷನ್ ಆಗುತ್ತೆ, ಒತ್ತಡ ಮೇಲಕ್ಕೆ ಹೋದರೆ ಕಿಡ್ನಿಗೂ ಪೆಟ್ಟು.

ದಿನಕ್ಕೆ ನಾಲ್ಕೈದು ಸಲ ನೀವೇ ಕ್ಯಾತಿಟರ್ (ಮೂತ್ರ ತೆಗೆಯೋ ತೆಳ್ಳನೆ ಪೈಪ್) ಹಾಕಿಕೊಳ್ಳಿ ಅಂದರು ಡಾಕ್ಟರ್. ಆಸ್ಪತ್ರೆಯಲ್ಲಿ ಗ್ಲೌಸ್ ಹಾಕಿ ಮಾಡುವ ಕೆಲಸ ಬಚ್ಚಲಲ್ಲಿ ಹೇಗೆ ಸಾರ್ ಅಂದೆ. ಅಮೆರಿಕದ ಮಿಶಿಗನ್‌ನ ಜ್ಯಾಕ್ ಲ್ಯಾಪಿಡಿಸ್ ಅನ್ನುವ ಡಾಕ್ಟರ್ 1972ರಲ್ಲೇ ಇದನ್ನು ಹೇಳಿದ್ದಾರಂತೆ: ಸ್ಟೆರೈಲ್, ಅಂದರೆ ಪೂರ್ತಿ ಕ್ರಿಮಿರಹಿತ ಆಗಬೇಕಿಲ್ಲ, ಸ್ವಚ್ಛವಾಗಿದ್ದರೆ ಸಾಕು, ಮೂತ್ರ ಒಳಗೆ ಉಳಿಯೋದೇ ಜಾಸ್ತಿ ಅಪಾಯ.

ಮೆಡಿಕಲ್ ಶಾಪ್‌ನಲ್ಲಿ "12 ನಂಬರ್ ನೆಲಟಾನ್" (ನಂಬರ್ ಪೈಪಿನ ದಪ್ಪಕ್ಕೆ, ನೆಲಟಾನ್ ಅಂದರೆ ಸಾದಾ ಕ್ಯಾತಿಟರ್) ಅಂತ ಕೇಳಿದರೆ 40 ಸೆಂಟಿಮೀಟರ್ ಉದ್ದದ್ದು ಕೈಗಿಡುತ್ತಾರೆ. ಅದು ಗಂಡಸರ ಅಳತೆ. ನಮ್ಮ ಹೆಂಗಸರ ಮೂತ್ರನಾಳ 4 ಸೆಂಟಿಮೀಟರ್ ಅಷ್ಟೇ. ಹಾಸಿಗೆ ಮೇಲೆ ಕೂತು ಜಗ್ಗಿಗೆ ಬಿಡುವುದಾದರೆ ಉದ್ದದ್ದು ಅನುಕೂಲ. ಇಂಡಿಯನ್ ಟಾಯ್ಲೆಟ್‌ಗೆ ಗಿಡ್ಡದೇ ಬೇಕು, ಇಲ್ಲದಿದ್ದರೆ ತುದಿ ನೆಲಕ್ಕೆ ತಾಗುತ್ತೆ. ಹೆಂಗಸರದ್ದೇ ಕೊಡಿ ಅಂತ ಕೇಳಿ, ಇಲ್ಲ ಅಂದರೆ ತರಿಸಿಕೊಡ್ತಾರೆ.

ಕಲಿಸಿದ್ದು ಸಿಸ್ಟರ್. ಸೋಪಿನಲ್ಲಿ ಕೈ, ಆಮೇಲೆ ಆ ಜಾಗ ನೀರಿನಲ್ಲಿ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಗೋಡೆಗೆ ಒರಗಿ, ಕಾಲು ಅಗಲಿಸಿ, ಕನ್ನಡಿ ಇಟ್ಟುಕೊಂಡು, ಎಡಗೈಯ ಎರಡು ಬೆರಳಲ್ಲಿ ಬಿಡಿಸಿ ಹಿಡಿದು ನೋಡಿದರೆ ಯೋನಿಯ ಬಾಯಿಗಿಂತ ಸ್ವಲ್ಪ ಮೇಲೆ ಪುಟ್ಟ ಗುಳಿ ಕಾಣುತ್ತೆ, ಅದೇ ಮೂತ್ರದ್ವಾರ. ಪೈಪ್ ಸಲೀಸಾಗಿ ಜಾರೋಕೆ ತುದಿಗೆ ಜೆಲ್ಲಿ ಸವರಿ, ಉಸಿರು ಬಿಡುತ್ತಾ ಮೆಲ್ಲಗೆ ಒಳಗೆ ಬಿಡಬೇಕು. ಅಡ್ಡಿಯಾದರೆ ಒತ್ತಬೇಡಿ, ಸ್ವಲ್ಪ ಕೆಮ್ಮಿ, ಸಡಿಲಾಗುತ್ತೆ. ಮೂತ್ರ ಬಂದ ಮೇಲೆ ಇನ್ನೆರಡು ಸೆಂಟಿಮೀಟರ್ ಒಳಗೆ. ಹರಿಯೋದು ನಿಂತಿತು ಅಂತ ಸರ್ರನೆ ಎಳೆಯಬೇಡಿ. ಅಷ್ಟಷ್ಟೇ ಹಿಂದಕ್ಕೆ ತನ್ನಿ, ತಳದಲ್ಲಿದ್ದದ್ದು ಮತ್ತೆ ಬರುತ್ತೆ, ಆಗ ಎಳೆಯೋದು ನಿಲ್ಲಿಸಿ. ಕೊನೆಗೆ ಹೊರತುದಿಗೆ ಬೆರಳು ಒತ್ತಿ ತೆಗೆದರೆ ಪೈಪಿನಲ್ಲಿದ್ದದ್ದು ಬಟ್ಟೆ ಮೇಲೆ ಬೀಳಲ್ಲ.

ಶುರುವಿನಲ್ಲಿ ಪೈಪ್ ಎಷ್ಟೋ ಸಲ ಯೋನಿಗೇ ಹೋಗುತ್ತೆ. "ಅದನ್ನ ಅಲ್ಲೇ ಬಿಡಿ ಅಕ್ಕ, ಇನ್ನೊಂದು ತಗೊಂಡು ಅದರ ಮೇಲಕ್ಕೆ ಹಾಕಿ" ಅಂದಿದ್ದರು ಸಿಸ್ಟರ್. ಎಂಥಾ ಉಪಾಯ ಅಲ್ವಾ? ಮೊದಲನೆಯದೇ ಗುರುತು. ಕೆಳಗೆ ಬಿದ್ದದ್ದು, ತಪ್ಪು ಜಾಗಕ್ಕೆ ಹೋದದ್ದು ಮತ್ತೆ ಬಳಸೋ ಹಾಗಿಲ್ಲ.

ನನಗೆ ಮೂತ್ರ ಬಂದ ಅನುಭವ ಆಗಲ್ಲ, ಹಾಗಾಗಿ ಮೊಬೈಲ್ ಅಲಾರಾಂ. ಒಂದು ಸಲಕ್ಕೆ 400 ಎಂಎಲ್ ದಾಟಬಾರದು ಅಂತ ಡಾಕ್ಟರ್ ಹೇಳಿದ್ದಕ್ಕೆ ಗೆರೆ ಇರುವ ಜಗ್ಗಿನಲ್ಲಿ ಅಳೆದು ಬರೆದಿಟ್ಟೆ, ಅದನ್ನು ನೋಡಿಯೇ ಟೈಮ್ ಗೊತ್ತುಮಾಡಿದರು. ಪೈಪ್ ಹಾಕೋ ಕಷ್ಟಕ್ಕೆ ನೀರು ಕುಡಿಯೋದು ಬಿಡ್ತಾರೆ ಕೆಲವರು, ಅದು ಸರಿಯಲ್ಲ. ಚಳಿ ಜ್ವರ, ಬೆನ್ನಿನ ಪಕ್ಕ ನೋವು, ರಕ್ತ ಕಂಡರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಬರೀ ಮೂತ್ರ ಸ್ವಲ್ಪ ಕದಡಿದೆ ಅಂತ ಸುಮ್ನೆ ಆಂಟಿಬಯಾಟಿಕ್ ನುಂಗಬೇಡಿ.

ಇನ್‌ಫ್ಲೋ ಅಂತ ಇನ್ನೊಂದು ಸಾಧನ ಇದೆ. 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ್ದು. ಮೂತ್ರನಾಳದೊಳಗೇ ಇರುವ ಪುಟ್ಟ ಪಂಪು, ಹೊಟ್ಟೆಯ ಕೆಳಗೆ ರಿಮೋಟ್ ಹಿಡಿದರೆ ಒಳಗಿನ ಅಯಸ್ಕಾಂತ ತಿರುಗಿ ಮೂತ್ರ ಹೊರಗೆ ಬರುತ್ತೆ. 29 ದಿನದೊಳಗೆ ಬದಲಾಯಿಸಬೇಕು. ಬೆರಳು ಆಡದವರಿಗೆ ಒಳ್ಳೆಯದೇ. ನನ್ನ ಕೈ ಚೆನ್ನಾಗಿದೆ, ಸಾದಾ ಪೈಪೇ ಸಾಕು.

ಈಗ ಕನ್ನಡಿ ಬೇಕಿಲ್ಲ, ಬೆರಳಿಗೇ ಜಾಗ ಗೊತ್ತು. ಹೊರಗೆ ಹೊರಟರೆ ಎರಡು ಮೂರು ಪೈಪ್ ಜಾಸ್ತಿನೇ ಇಡ್ತೀನಿ, ಜೊತೆಗೆ ಜೆಲ್ಲಿ, ನೀರಿನ ಬಾಟಲಿ, ಸೋಪ್, ಬಳಸಿದ್ದನ್ನು ಹಾಕಲು ಕವರ್. ಛತ್ರದ ಟಾಯ್ಲೆಟ್ ಬಾಗಿಲಲ್ಲಿ ಚೀಲ ನೇತುಹಾಕೋಕೆ ಕೊಕ್ಕೆ ಇರಲ್ಲ, ನೆಲ ಪೂರ್ತಿ ಒದ್ದೆ. ಅದಕ್ಕೇ ಕುತ್ತಿಗೆಗೆ ನೇತುಹಾಕೋ ಚೀಲವೇ ತಗೊಳ್ಳಿ.