‘ಇನ್ನು ಹಿಂದಿರುಗಲಾಗದು’ ಎಂಬ ಹವಾಮಾನ ಸುದ್ದಿಯನ್ನು ಒರೆಗೆ ಹಚ್ಚುವ ಬಗೆ

‘ಟಿಪ್ಪಿಂಗ್ ಪಾಯಿಂಟ್ ದಾಟಿತು’ ಎಂಬ ಸುದ್ದಿ ಓದಿದಾಗ, ಅದು ಯಾವ ವ್ಯವಸ್ಥೆಯ ಮಾತು ಎಂಬುದನ್ನು ಮೊದಲು ಗುರುತಿಸಿಕೊಳ್ಳಿ. ಟಿಪ್ಪಿಂಗ್ ಪಾಯಿಂಟ್ ಎಂದರೆ, ಹಿಮರಾಶಿಯಂಥ ಒಂದು ವ್ಯವಸ್ಥೆ ತಾನಾಗಿಯೇ ಬದಲಾಗುತ್ತ ಹೋಗಿ, ಹಿಂದಿನ ಸ್ಥಿತಿಗೆ ಮರಳುವುದು ಕಷ್ಟವಾಗುವ ಗಡಿ. ಇಡೀ ಭೂಮಿಗೆ ಅನ್ವಯಿಸುವ ಒಂದೇ ಟಿಪ್ಪಿಂಗ್ ಪಾಯಿಂಟ್ ಎಂಬುದಿಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇಂಥ 16 ವ್ಯವಸ್ಥೆಗಳನ್ನು ಪಟ್ಟಿ ಮಾಡಿದ್ದು, ಪ್ರತಿಯೊಂದರ ತಾಪಮಿತಿಯೂ ಕುಸಿಯಲು ಹಿಡಿಯುವ ಕಾಲವೂ ಬೇರೆ ಬೇರೆ.

ಎರಡನೆಯದಾಗಿ, ಅಲ್ಲಿ ಕೆಲಸ ಮಾಡುತ್ತಿರುವ ಫೀಡ್‌ಬ್ಯಾಕ್ (ಬದಲಾವಣೆಯ ಪರಿಣಾಮವೇ ಆ ಬದಲಾವಣೆಯನ್ನು ಮತ್ತಷ್ಟು ಹೆಚ್ಚಿಸುವ ಸುತ್ತು) ಯಾವುದು, ಅದಕ್ಕೆ ತಡೆ ಇದೆಯೇ ಎಂದು ನೋಡಿ. ಫೀಡ್‌ಬ್ಯಾಕ್ ಇದ್ದ ಮಾತ್ರಕ್ಕೆ ಬಿಸಿ ಕೈಮೀರಿ ಹೋಗುತ್ತದೆ ಎಂದರ್ಥವಲ್ಲ. ಹೊಸ ಹಿಮ ಬಿಸಿಲಿನ ಶೇ. 80ಕ್ಕಿಂತ ಹೆಚ್ಚನ್ನು ಹಿಂದಕ್ಕೆ ಎಸೆದರೆ, ತೆರೆದ ಕಡಲು ಶೇ. 10ಕ್ಕಿಂತಲೂ ಕಡಿಮೆ ಎಸೆಯುತ್ತದೆ. ಆದ್ದರಿಂದ ಆರ್ಕ್ಟಿಕ್ ಕಡಲ ಮಂಜುಗಡ್ಡೆ ಕರಗಿದಷ್ಟೂ ನೀರು ಮತ್ತಷ್ಟು ಕಾಯುತ್ತದೆ. ಆದರೆ ಚಳಿಗಾಲದಲ್ಲಿ ಮುಚ್ಚಿಗೆಯಿಲ್ಲದ ಆ ನೀರೇ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ, ತೆಳು ಮಂಜುಗಡ್ಡೆ ಬೇಗ ದಪ್ಪವಾಗುತ್ತದೆ. ಹಾಗಾಗಿ ಭೂಮಿ ತಣಿದರೆ ಬೇಸಿಗೆಯ ಆರ್ಕ್ಟಿಕ್ ಮಂಜುಗಡ್ಡೆ ಮರಳಬಲ್ಲದು ಎಂಬುದೇ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2021ರ ವರದಿಯ ನಿಲುವು.

ಗ್ರೀನ್‌ಲ್ಯಾಂಡಿನ ಕತೆ ಹಾಗಲ್ಲ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು. ಅಲ್ಲಿನ ಹಿಮರಾಶಿಯ ನೆತ್ತಿ 3 ಕಿ.ಮೀ.ಗಿಂತ ಎತ್ತರದ ತಣ್ಣನೆಯ ಗಾಳಿಯಲ್ಲಿದೆ. ಕರಗುತ್ತಾ ಮೇಲ್ಮೈ ತಗ್ಗಿದಂತೆ ಅದು ಕೆಳಗಿನ ಬೆಚ್ಚನೆಯ ಗಾಳಿಗೆ ಇಳಿಯುತ್ತದೆ, ಇನ್ನಷ್ಟು ಕರಗುತ್ತದೆ. ಬಹುಪಾಲು ಕರಗಿಹೋದ ಮೇಲೆ ತಾಪಮಾನವನ್ನು ಹಳೆಯ ಮಿತಿಗೆ ಇಳಿಸಿದರೂ ಸಾಲದು. ಎತ್ತರವನ್ನೇ ಕಳೆದುಕೊಂಡ ನೆಲದ ಮೇಲೆ ಹಿಮ ಮತ್ತೆ ಬೆಳೆಯಲು ಅದಕ್ಕಿಂತ ಹೆಚ್ಚಿನ ತಂಪು ಬೇಕು. ಪೂರ್ತಿ ಕರಗಿದರೆ ಸಮುದ್ರಮಟ್ಟ ಸುಮಾರು 7 ಮೀಟರ್ ಏರುತ್ತದೆ. ಆದರೆ ಅದಕ್ಕೆ ಶತಮಾನಗಳಲ್ಲ, ಸಹಸ್ರಮಾನಗಳೇ ಹಿಡಿಯಬಹುದಾದ್ದರಿಂದ, ತಾಪಮಾನ ಮಿತಿಯನ್ನು ಕೆಲಕಾಲ ಮೀರಿ ಬೇಗನೆ ಕೆಳಗಿಳಿದರೆ ಕುಸಿತ ತಪ್ಪುವ ಅವಕಾಶವಿದೆ. ಪರ್ಮಾಫ್ರಾಸ್ಟ್‌ನಲ್ಲಿ (ವರ್ಷಗಟ್ಟಲೆ ಹೆಪ್ಪುಗಟ್ಟಿಯೇ ಇರುವ ನೆಲದಲ್ಲಿ) ಹುದುಗಿರುವ, ವಾತಾವರಣದಲ್ಲಿರುವುದರ ಸುಮಾರು ಎರಡರಷ್ಟು ಇಂಗಾಲದ ಮಾತು ಬೇರೆ: ಅದು ಒಮ್ಮೆಲೇ ಹೊರಬೀಳುವುದಿಲ್ಲ, ಹೊರಬಿದ್ದದ್ದು ನಮ್ಮ ಕಾಲದಲ್ಲಿ ಒಳಸೇರುವುದೂ ಇಲ್ಲ.

ಕೊನೆಯದಾಗಿ, ಏರಿಕೆ ನಿಲ್ಲುವುದನ್ನೂ ತಾಪ ಇಳಿಯುವುದನ್ನೂ ಬೆರೆಸಬೇಡಿ. ಇಂಗಾಲದ ಡೈಆಕ್ಸೈಡ್‌ನ ನಿವ್ವಳ ಹೊರಸೂಸುವಿಕೆ ಸೊನ್ನೆಯಾದರೆ ಅದರಿಂದಾಗುವ ತಾಪದ ಏರಿಕೆ ಹೆಚ್ಚುಕಡಿಮೆ ನಿಲ್ಲುತ್ತದೆ ಎಂಬುದು ಇಂದಿನ ಉತ್ತಮ ಅಂದಾಜು. ಇಳಿಯಬೇಕಾದರೆ ಗಾಳಿಯಲ್ಲಿರುವುದನ್ನೂ ಹೊರತೆಗೆಯಬೇಕು. ಮುಗಿದೇ ಹೋಯಿತು ಎಂದು ನಂಬಿದವರು ಹೊರಸೂಸುವಿಕೆ ತಗ್ಗಿಸುವ ಯತ್ನವನ್ನೇ ಕೈಬಿಡುತ್ತಾರೆಂಬುದು ನನ್ನ ನಿಜವಾದ ಆತಂಕ. ಆದ್ದರಿಂದ ಮಿತಿಯನ್ನು ಎಷ್ಟು ಡಿಗ್ರಿ, ಎಷ್ಟು ವರ್ಷ ಮೀರಲಾಗುತ್ತದೆ ಎಂದು ಹೇಳದ ಸುದ್ದಿಯನ್ನು, ಮೂಲ ವರದಿ ನೋಡುವ ತನಕ ಹಂಚಬೇಡಿ.